ಅಸ್ಥಿ, ಆಹಾರ ಮತ್ತು ವೈರಾಗ್ಯ

ದೇಹವು ಅಳಿಯುವಂಥದ್ದೆಂದು ಸಾರುವ ಧರ್ಮದಲ್ಲಿ ದೇಹಪೋಷಣೆಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹುಕಾಲದಿಂದ ಚರ್ಚಿಸುತ್ತ ಬಂದಿವೆ. ಆದರೆ ಆ ಚರ್ಚೆ ಹೆಚ್ಚಾಗಿ ರುಚಿ, ಅಲಂಕಾರ, ಕಾಮ, ನಿದ್ರೆಗಳ ಸುತ್ತ ನಡೆದಿದೆಯೇ ಹೊರತು ದೇಹವನ್ನು ನೆಟ್ಟಗೆ ನಿಲ್ಲಿಸಿರುವ ಮೂಳೆಯ ಕಡೆಗೆ ಅಷ್ಟಾಗಿ ತಿರುಗಿಲ್ಲ. ಮೂಳೆಯ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ಸ್ಪಷ್ಟವಾದ ರೂಪದಲ್ಲಿ ಎದುರಾಗುತ್ತದೆ, ಏಕೆಂದರೆ ನಾಲಗೆಗೆ ರುಚಿಯೂ ಹೊಟ್ಟೆಗೆ ಹಸಿವೂ ಇರುವಂತೆ ಮೂಳೆಗೆ ತನ್ನದೆಂಬ ಬಯಕೆಯಿಲ್ಲ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಸಾಲದೆ ಅದು ವರ್ಷಾನುಗಟ್ಟಲೆ ತೆಳುವಾಗುತ್ತಿದ್ದರೂ ನೋವು ಕಾಣಿಸುವುದಿಲ್ಲ, ಎಡವಿ ಬಿದ್ದು ಮಣಿಕಟ್ಟೋ ಸೊಂಟವೋ ಮುರಿದಾಗಲಷ್ಟೇ ಒಳಗಿನ ಸವೆತ ಹೊರಗೆ ತಿಳಿಯುತ್ತದೆ. ಆದ್ದರಿಂದ ಮೂಳೆಗಾಗಿ ಉಣ್ಣುವುದನ್ನು ಭೋಗವೆಂದು ತಳ್ಳಿಹಾಕುವುದು ಸುಲಭವಲ್ಲ. ಹಾಗೆಂದು ವೈರಾಗ್ಯದ ದಾರಿ ಹಿಡಿದವರು ಅದಕ್ಕೆ ಗಮನ ಕೊಡಬೇಕೇ ಎಂಬುದೂ ತಾನಾಗಿ ಇತ್ಯರ್ಥವಾಗುವುದಿಲ್ಲ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಜೈನ ಪರಂಪರೆಗಿಂತ ಕಠಿಣವಾದ ನೆಲೆ ಮತ್ತೊಂದಿಲ್ಲ. ಸಾಧಕನು ಮತ್ತೆ ಮತ್ತೆ ಮನಸ್ಸಿನಲ್ಲಿ ತಂದುಕೊಳ್ಳಬೇಕಾದ ಹನ್ನೆರಡು ಚಿಂತನೆಗಳನ್ನು ಜೈನರು ಅನುಪ್ರೇಕ್ಷೆಗಳೆಂದು ಕರೆಯುತ್ತಾರೆ. ಅವುಗಳಲ್ಲಿ ಒಂದಾದ ಅಶುಚಿ ಅನುಪ್ರೇಕ್ಷೆಯು ದೇಹವನ್ನು ರಕ್ತ, ಮಾಂಸ, ಮೂಳೆ, ಮಲಗಳ ಸಮೂಹವೆಂದು ಕಾಣಲು ಕಲಿಸಿ ಅದರ ಮೇಲಿನ ಮೋಹವನ್ನು ಸಡಿಲಗೊಳಿಸುತ್ತದೆ. ಹೀಗಿದ್ದೂ ಇದೇ ಪರಂಪರೆಯು ಮೂಳೆಗೆ ಬೇರೆ ಯಾವ ದರ್ಶನವೂ ಕೊಡದಷ್ಟು ದೊಡ್ಡ ಸ್ಥಾನವನ್ನು ಕೊಟ್ಟಿದೆ. ಜೀವಕ್ಕೆ ದೇಹ, ಆಕಾರ, ಅಂಗಾಂಗಗಳನ್ನು ಒದಗಿಸುವ ಕರ್ಮಕ್ಕೆ ನಾಮಕರ್ಮವೆಂದು ಹೆಸರು. ಅದರ ಪ್ರಭೇದಗಳಲ್ಲಿ ಮೂಳೆಗಳ ಜೋಡಣೆಯನ್ನು ನಿರ್ಧರಿಸುವ ಸಂಹನನವೂ ಒಂದು. ಸಂಹನನಗಳು ಆರು. ಮೂಳೆ, ಅದನ್ನು ಸುತ್ತಿದ ಪಟ್ಟಿ, ಅದನ್ನು ಬಂಧಿಸುವ ಕೀಲು ಈ ಮೂರೂ ವಜ್ರದಷ್ಟು ಗಟ್ಟಿಯಾಗಿರುವ ವಜ್ರವೃಷಭನಾರಾಚವು ಮೊದಲನೆಯದು. ಮೂಳೆಗಳು ಒಂದಕ್ಕೊಂದು ಕೀಲಿಸಿಕೊಳ್ಳದೆ ಸ್ನಾಯುಗಳ ಕಟ್ಟಿನಿಂದ ಮಾತ್ರ ಕೂಡಿಕೊಂಡಿರುವ ದುರ್ಬಲ ರಚನೆ ಕೊನೆಯದು. ತೀರ್ಥಂಕರರೆಲ್ಲರದೂ ಮೊದಲನೆಯ ಸಂಹನನ. ಈ ಕಾಲದ ಮನುಷ್ಯರಿಗೆ ಕೆಳಗಿನವುಗಳಷ್ಟೇ ಉಳಿದಿವೆ ಎಂದು ಶಾಸ್ತ್ರ ಹೇಳುತ್ತದೆ.

ಇದು ಬರಿಯ ಅಂಗರಚನೆಯ ವರ್ಗೀಕರಣವಾಗಿದ್ದರೆ ಅಷ್ಟು ಮುಖ್ಯವಾಗುತ್ತಿರಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಧ್ಯಾನದ ಲಕ್ಷಣವನ್ನು ಹೇಳುವಾಗ ಚಿತ್ತದ ಏಕಾಗ್ರತೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ಆ ಏಕಾಗ್ರತೆ ಉತ್ತಮ ಸಂಹನನವುಳ್ಳವನಿಗೆ ಒದಗುವಂಥದ್ದೆಂಬ ಷರತ್ತನ್ನೂ ಲಕ್ಷಣದೊಳಗೇ ಸೇರಿಸುತ್ತದೆ. ಕರ್ನಾಟಕದ ಗಂಗರ ನಾಡಿನೊಡನೆ ಹೆಸರು ಹೊಂದಿಕೊಂಡಿರುವ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ತಮ್ಮ ವ್ಯಾಖ್ಯಾನದಲ್ಲಿ ಮೊದಲ ಮೂರು ಸಂಹನನಗಳು ಧ್ಯಾನಕ್ಕೆ ಸಾಧನವೆಂದೂ, ಮೋಕ್ಷಕ್ಕೆ ಮೊದಲನೆಯದೊಂದೇ ಸಾಧನವೆಂದೂ ವಿವರಿಸಿದ್ದಾರೆ. ಮನಸ್ಸು ನಿಲ್ಲಬೇಕಾದರೆ ಮೂಳೆ ನಿಲ್ಲಬೇಕು ಎಂಬ ಈ ನಿಲುವು, ಆತ್ಮ ಮತ್ತು ದೇಹಗಳನ್ನು ಅಷ್ಟೊಂದು ಕಟ್ಟುನಿಟ್ಟಾಗಿ ಬೇರ್ಪಡಿಸುವ ದರ್ಶನದಿಂದಲೇ ಬಂದಿದೆ ಎಂಬುದನ್ನು ಗಮನಿಸಬೇಕು. ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ 58 ಅಡಿ ಎತ್ತರದ ಬಾಹುಬಲಿಯ ಮೂರ್ತಿ ಇದೇ ತತ್ತ್ವವನ್ನು ಕಲ್ಲಿನಲ್ಲಿ ತೋರಿಸುತ್ತದೆ: ದೇಹದ ಮೇಲಿನ ಮಮತೆಯನ್ನು ತೊರೆದು ನಿಶ್ಚಲವಾಗಿ ನಿಲ್ಲುವ ಕಾಯೋತ್ಸರ್ಗವೆಂಬ ಭಂಗಿ ಅದು, ಮತ್ತು ವರ್ಷವಿಡೀ ಹಾಗೆ ನಿಂತವನ ಕಾಲಿಗೆ ಬಳ್ಳಿ ಹಬ್ಬಿದೆ. ದೇಹವನ್ನು ತೊರೆಯುವ ಸಾಧನೆಗೂ ಅದೇ ದೇಹದ ಅಸ್ಥಿಬಲವೇ ಆಧಾರವಾಗಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮೂಳೆಯ ರಚನೆ ಕರ್ಮದಿಂದಲೇ ನಿರ್ಧಾರವಾಗುವುದಾದರೆ ಹಾಲು, ರಾಗಿ, ಸೊಪ್ಪುಗಳಿಂದ ಆಗುವುದೇನು? ಈ ಆಕ್ಷೇಪಕ್ಕೆ ಜೈನ ಸಿದ್ಧಾಂತದೊಳಗೇ ಉತ್ತರವಿದೆ. ಚಾವುಂಡರಾಯನ ಸಮಕಾಲೀನರೂ ಗೊಮ್ಮಟಸಾರದ ಕರ್ತೃವೂ ಆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರತಿಪಾದಿಸುವ ಪರ್ಯಾಪ್ತಿಗಳು, ಅಂದರೆ ಹುಟ್ಟಿದ ಜೀವವು ಪೂರ್ಣತೆಗೆ ಬರಲು ಬೇಕಾದ ಶಕ್ತಿಗಳು, ಆಹಾರದಿಂದಲೇ ಆರಂಭವಾಗುತ್ತವೆ. ಜೀವವು ಹೊರಗಿನ ಪುದ್ಗಲವನ್ನು, ಎಂದರೆ ಜಡದ್ರವ್ಯವನ್ನು ಒಳಗೆ ತೆಗೆದುಕೊಂಡು ಅದನ್ನು ಗಟ್ಟಿಯಾದ ಖಲಭಾಗ ಮತ್ತು ದ್ರವವಾದ ರಸಭಾಗ ಎಂದು ವಿಂಗಡಿಸುತ್ತದೆ. ಖಲಭಾಗವು ಮೂಳೆ ಮುಂತಾದ ಕಠಿಣ ಅವಯವಗಳಾಗಿಯೂ ರಸಭಾಗವು ರಕ್ತ ಮುಂತಾದ ದ್ರವಗಳಾಗಿಯೂ ಪರಿಣಮಿಸುತ್ತದೆ. ಕರ್ಮವು ಮೂಳೆಯ ಮಾದರಿಯನ್ನು ನಿಗದಿಪಡಿಸಿದರೂ ಆ ಮಾದರಿ ತುಂಬಿಕೊಳ್ಳಬೇಕಾದದ್ದು ಆಹಾರದಿಂದಲೇ. ಆದಕಾರಣ ಕರ್ಮವನ್ನು ಮುಂದೊಡ್ಡಿ ಆಹಾರವನ್ನು ಅಲಕ್ಷಿಸುವುದಕ್ಕೆ ಈ ಸಿದ್ಧಾಂತದಲ್ಲಿ ಎಡೆಯಿಲ್ಲ.

ಇಂದಿನ ಶರೀರವಿಜ್ಞಾನವು ಮೂಳೆಯ ಬಗೆಗೆ ತಿಳಿಸುವ ಸಂಗತಿಗಳು ಈ ಚಿಂತನೆಗೆ ಹೊಸ ಆಳವನ್ನು ಕೊಡುತ್ತವೆ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೊಗ್ರಾಂ ಕ್ಯಾಲ್ಸಿಯಂ ಇದ್ದು, ಅದರಲ್ಲಿ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿರುತ್ತದೆ. ಉಳಿದ ಶೇಕಡ ಒಂದರಷ್ಟು ಅಂಶವೇ ಹೃದಯದ ಬಡಿತ, ಸ್ನಾಯುವಿನ ಸಂಕೋಚನ, ನರಗಳ ಸಂದೇಶ, ರಕ್ತದ ಹೆಪ್ಪುಗಟ್ಟುವಿಕೆ ಇವುಗಳನ್ನು ನಡೆಸುವುದರಿಂದ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಅದು ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಲೇಬೇಕು. ಊಟದಿಂದ ಬರುವ ಪ್ರಮಾಣ ಕಡಿಮೆಯಾದಾಗ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ಹೆಚ್ಚು ಸುರಿಸಿ, ಮೂಳೆಯನ್ನು ಕರಗಿಸುವ ಕೋಶಗಳ ಕೆಲಸವನ್ನು ಚುರುಕುಗೊಳಿಸಿ, ಅಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ರಕ್ತಕ್ಕೆ ಹರಿಯುವಂತೆ ಮಾಡುತ್ತವೆ. ಹೃದಯ ತಪ್ಪದೆ ಮಿಡಿಯುತ್ತದೆ, ಆದರೆ ಮೂಳೆ ತೆಳುವಾಗುತ್ತದೆ. ಮೂಳೆ ಜಡವಸ್ತುವೂ ಅಲ್ಲ. ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಕೋಶಗಳು ಜೀವಮಾನವಿಡೀ ದುಡಿಯುತ್ತ, ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗವನ್ನು ವರ್ಷವೊಂದರಲ್ಲಿ ಹೊಸದಾಗಿಸುತ್ತವೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಕಟ್ಟುವ ಕೆಲಸ ಮೇಲುಗೈ ಪಡೆದಿದ್ದು, ಆ ಹೊತ್ತಿಗೆ ಸಂಗ್ರಹವಾದದ್ದನ್ನೇ ಮುಂದಿನ ವಯಸ್ಸೆಲ್ಲ ಖರ್ಚುಮಾಡುತ್ತದೆ. ನಿತ್ಯವೆಂದು ತೋರುವ ಮೂಳೆಯೂ ಕ್ಷಣಕ್ಷಣಕ್ಕೆ ಬದಲಾಗುತ್ತಿದೆ ಎಂಬ ಈ ತಿಳಿವು ಅನಿತ್ಯತೆಯ ಚಿಂತನೆಗೆ ಪೋಷಕವೇ. ಆದರೆ ಉಣ್ಣದಿದ್ದಾಗ ದೇಹವು ತನ್ನ ಮೂಳೆಯನ್ನೇ ಉಣ್ಣುತ್ತದೆ ಎಂಬ ತಿಳಿವು, ಏನನ್ನೂ ತಿನ್ನದಿರುವುದರಿಂದ ಯಾರಿಗೂ ಹಿಂಸೆಯಾಗದು ಎಂಬ ಸರಳ ನಂಬಿಕೆಯನ್ನು ಅಲುಗಿಸುತ್ತದೆ.

ದೇಹವನ್ನು ಎಲ್ಲಿಯವರೆಗೆ ಕಾಯಬೇಕು ಎಂಬುದಕ್ಕೆ ಪೂಜ್ಯಪಾದರು ಕೊಡುವ ದೃಷ್ಟಾಂತ ಇಲ್ಲಿ ನೆನಪಿಗೆ ಬರಬೇಕಾದದ್ದು. ಬಗೆಬಗೆಯ ಸರಕುಗಳನ್ನು ಕೂಡಿಟ್ಟ ವರ್ತಕನು ತನ್ನ ಮನೆ ನಾಶವಾಗಲೆಂದು ಬಯಸುವುದಿಲ್ಲ. ಅಪಾಯ ಒದಗಿದರೆ ಶಕ್ತಿಯಿರುವಷ್ಟೂ ಅದನ್ನು ತಪ್ಪಿಸಲು ಹೆಣಗುತ್ತಾನೆ. ಸಾಧ್ಯವೇ ಇಲ್ಲವೆಂದಾದಾಗ ಮಾತ್ರ ಮನೆಯನ್ನು ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ವ್ರತಶೀಲಗಳೇ ಸರಕು, ದೇಹವೇ ಮನೆ. ಧರ್ಮಕ್ಕಾಗಿ ಆಹಾರವನ್ನು ಬಿಟ್ಟು ದೇಹವನ್ನು ತೊರೆಯುವ ಸಲ್ಲೇಖನದ ಸೂತ್ರವನ್ನು ವಿವರಿಸುವಾಗಲೇ ಈ ಮಾತು ಬಂದಿರುವುದು ಅರ್ಥಪೂರ್ಣ, ಏಕೆಂದರೆ ಆಹಾರತ್ಯಾಗದ ಪರಮಾವಧಿಯನ್ನು ಬೋಧಿಸುವ ಕಡೆಯಲ್ಲಿಯೇ ಅದಕ್ಕೆ ಮುಂಚಿನ ದೇಹರಕ್ಷಣೆಯ ಕರ್ತವ್ಯವನ್ನೂ ಅವರು ಗಟ್ಟಿಯಾಗಿ ಹೇಳಿದ್ದಾರೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ಥಿತಿಭೋಜನವೂ ಒಂದು: ನಿಂತುಕೊಂಡು, ಅಂಗೈಯಲ್ಲಿಯೇ ಆಹಾರವನ್ನು ಸ್ವೀಕರಿಸುವುದು. ಕೈಗಳು ಕೂಡುವವರೆಗೂ ಕಾಲುಗಳು ದೇಹವನ್ನು ಹೊರುವವರೆಗೂ ಆಹಾರ, ಅದು ಸಾಧ್ಯವಾಗದಿದ್ದರೆ ಅದರ ತ್ಯಾಗ ಎಂಬ ಸಂಕಲ್ಪ ಇದರ ಹಿಂದಿದೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಮುನಿಜೀವನದ ಅವಧಿಯನ್ನು ಅಳೆಯುವ ಮಾನದಂಡವೇ ಕಾಲಿನ ಮೂಳೆಯ ಬಲವಾಗಿರುವಾಗ ಆ ಬಲವನ್ನು ಕಾಯುವುದು ಮೋಹವಾಗಲಾರದು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಸ್ವಾಸ್ಥ್ಯವನ್ನು ಪಾರಮಾರ್ಥಿಕ ಮತ್ತು ವ್ಯಾವಹಾರಿಕ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದೇ ಪ್ರಧಾನವೆಂದು ಹೇಳಿಯೂ ಎರಡನೆಯದಕ್ಕಾಗಿ ಇಡೀ ಗ್ರಂಥವನ್ನು ಮೀಸಲಿಟ್ಟರು, ಅದೂ ಮಾಂಸ, ಮದ್ಯ, ಜೇನುಗಳನ್ನು ಔಷಧಕ್ಕೂ ಬಳಸದೆ.

ಇತರ ಪರಂಪರೆಗಳೂ ಇದೇ ತೀರ್ಮಾನದತ್ತ ಬೇರೆ ಬೇರೆ ದಾರಿಗಳಿಂದ ಬಂದಿವೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ, ತುಪ್ಪ, ಎಣ್ಣೆಗಳಂಥ ತೇಜೋಮಯ ಆಹಾರದ ಸ್ಥೂಲಭಾಗವು ಮೂಳೆಯಾಗಿ, ಮಧ್ಯಮಭಾಗವು ಮಜ್ಜೆಯಾಗಿ, ಅತಿಸೂಕ್ಷ್ಮಭಾಗವು ವಾಕ್ಕಾಗಿ ಪರಿಣಮಿಸುತ್ತದೆ ಎಂದು ಬೋಧಿಸುತ್ತಾನೆ. ಆಮೇಲೆ ಹದಿನೈದು ದಿನ ಉಪವಾಸವಿರಿಸಿ, ಓದಿದ ವೇದವೂ ಅವನಿಗೆ ಹೊಳೆಯದಂತಾದುದನ್ನು ತೋರಿಸಿ, ಮತ್ತೆ ಉಣ್ಣಿಸಿ ಅದು ಮರಳಿದ್ದನ್ನೂ ತೋರಿಸುತ್ತಾನೆ. ಮೂಳೆಯೂ ಮಾತೂ ಒಂದೇ ತುತ್ತಿನ ಎರಡು ಕೊನೆಗಳೆಂಬ ಈ ದರ್ಶನ ರಸಾಯನಶಾಸ್ತ್ರವಾಗಿ ನಿಲ್ಲದಿದ್ದರೂ ಚಿಂತನೆಯಾಗಿ ಇಂದಿಗೂ ನಿಲ್ಲುತ್ತದೆ. ಗೀತೆಯ ಹದಿನೇಳನೆಯ ಅಧ್ಯಾಯವು ದೇಹದಲ್ಲಿರುವ ಭೂತಗಳನ್ನು ಕೃಶಗೊಳಿಸುವ ಘೋರ ತಪಸ್ಸನ್ನು ಆಸುರವೆಂದು ಕರೆಯುತ್ತದೆ. ಎಲುಬುಗೂಡಾಗುವಷ್ಟು ದೇಹವನ್ನು ದಂಡಿಸಿದ ಗೌತಮನು ಆ ದಾರಿಯನ್ನು ಬಿಟ್ಟು ಆಹಾರ ಸ್ವೀಕರಿಸಿದ ನಂತರವೇ ಬುದ್ಧನಾದನು. ಸುಜಾತೆ ಆಗ ನೀಡಿದ್ದು ಹಾಲಿನ ಪಾಯಸವೆಂದು ಬೌದ್ಧ ಪರಂಪರೆ ನೆನೆಯುತ್ತದೆ. ಇಂದ್ರನ ವಜ್ರಾಯುಧಕ್ಕಾಗಿ ತನ್ನ ಮೂಳೆಗಳನ್ನೇ ಕೊಟ್ಟ ದಧೀಚಿಯ ಕಥೆಯನ್ನು ತ್ಯಾಗದ ನಿದರ್ಶನವಾಗಿ ಹೇಳುವುದು ರೂಢಿ. ಲೋಕಕ್ಕೆ ಕೊಡಲು ಅವನಲ್ಲಿ ಗಟ್ಟಿಯಾದ ಮೂಳೆಗಳಿದ್ದವು ಎಂಬ ಅರ್ಧವನ್ನೂ ಅದೇ ಕಥೆ ಹೇಳುತ್ತದೆ.

ಆಚರಣೆಯ ಕ್ಷೇತ್ರಕ್ಕೆ ಬಂದರೆ ಪ್ರಶ್ನೆ ಇನ್ನಷ್ಟು ನಿರ್ದಿಷ್ಟವಾಗುತ್ತದೆ. ಜೈನರ ಆರು ಬಾಹ್ಯತಪಗಳಲ್ಲಿ ಒಂದಾದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಂಥ ರಸಗಳನ್ನು ಬಿಡಲಾಗುತ್ತದೆ, ಹಸಿರುಸೊಪ್ಪನ್ನು ಮಳೆಗಾಲದಲ್ಲಿ ಅನೇಕರು ತಿನ್ನುವುದಿಲ್ಲ. ಹೀಗೆ ಕ್ಯಾಲ್ಸಿಯಮ್ಮಿನ ಎರಡು ಮುಖ್ಯ ಮೂಲಗಳು ಒಟ್ಟಿಗೇ ಕೈಬಿಡುವ ಸಂದರ್ಭ ಒದಗಬಹುದು. ಕರ್ನಾಟಕದ ಮಾಧ್ವರು ಆಷಾಢದ ಶಯನೈಕಾದಶಿಯ ನಂತರ ನಡೆಸುವ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ತರಕಾರಿ ಬಿಟ್ಟ ತಿಂಗಳಲ್ಲಿ ಹಾಲುಮೊಸರು ಉಂಟು, ಮೊಸರು ಬಿಟ್ಟ ತಿಂಗಳಲ್ಲಿ ಹಾಲು ಉಂಟು, ಹಾಲು ಬಿಟ್ಟ ತಿಂಗಳಲ್ಲಿ ಮೊಸರು ಉಂಟು. ಒಂದನ್ನು ಬಿಡುವಾಗ ಇನ್ನೊಂದನ್ನು ಉಳಿಸಿಕೊಳ್ಳುವ ಈ ಕ್ರಮ ಸಂಯಮ ಮತ್ತು ಪೋಷಣೆಗಳ ನಡುವಿನ ತೂಕವನ್ನು ಚೆನ್ನಾಗಿ ಕಾಪಾಡುತ್ತದೆ. ಏಕಾದಶಿಯ ಉಪವಾಸದಿಂದ ಎಂಟು ವರ್ಷದೊಳಗಿನ ಮಕ್ಕಳನ್ನೂ ಎಂಬತ್ತು ದಾಟಿದವರನ್ನೂ ಧರ್ಮಶಾಸ್ತ್ರ ಹೊರಗಿಟ್ಟಿದೆ. ಮೂಳೆ ಬೆಳೆಯುವ ಮತ್ತು ಮೂಳೆ ಕುಗ್ಗುವ ಎರಡು ತುದಿಗಳೂ ಇದರೊಳಗೆ ಬರುತ್ತವೆ. ಆದರೆ ಹದಿಹರೆಯವು ಈ ವಿನಾಯಿತಿಯ ಹೊರಗೆ ಉಳಿಯುತ್ತದೆ. ಮೂಳೆಗೆ ಅತಿ ಹೆಚ್ಚು ಸಂಗ್ರಹ ಬೇಕಾದ ವಯಸ್ಸು ಅದೇ ಆದ್ದರಿಂದ, ಆ ವಯಸ್ಸಿನವರಿಗೆ ಕಠಿಣ ವ್ರತಗಳನ್ನು ವಿಧಿಸುವ ಹಿರಿಯರು ಹೆಚ್ಚಿನ ವಿವೇಚನೆ ತೋರಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಂದಿರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 2010ರ ಶಿಫಾರಸಿನಲ್ಲಿ ವಯಸ್ಕರ ಪ್ರಮಾಣ 600 ಮಿಲಿಗ್ರಾಂ ಮಾತ್ರವಿತ್ತು. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು ಇದ್ದರೆ, ಅಷ್ಟೇ ರಾಗಿಯಲ್ಲಿ 340ಕ್ಕೂ ಹೆಚ್ಚು ಮಿಲಿಗ್ರಾಂ ಇದೆ. ಧಾನ್ಯಗಳಲ್ಲಿ ಇದಕ್ಕೆ ಸರಿಸಮವಾದುದಿಲ್ಲ. ರಾಗಿಯಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ ಹೀರಿಕೆಗೆ ಸ್ವಲ್ಪ ಅಡ್ಡಿಯಾದರೂ ಮೊಳಕೆ ಬರಿಸುವುದರಿಂದ, ಅಂಬಲಿಗೆ ಹುಳಿ ಬರಿಸುವುದರಿಂದ ಆ ಅಡ್ಡಿ ತಗ್ಗುತ್ತದೆ. ಬಿಸಿಲಿಗೆ ಒಡ್ಡಿದ ಚರ್ಮದಲ್ಲಿ ಉಂಟಾಗುವ ಡಿ ಜೀವಸತ್ವ ಹೀರಿಕೆಗೆ ನೆರವಾಗುತ್ತದೆ. ಕರುವಿನ ಪಾಲನ್ನು ಕಸಿದುಕೊಳ್ಳುವುದು ಅಹಿಂಸೆಗೆ ವಿರೋಧವೆಂದು ಹಾಲನ್ನೇ ಬಿಡುವವರಿಗೂ ರಾಗಿ, ಎಳ್ಳು, ನುಗ್ಗೆಸೊಪ್ಪುಗಳು ದಾರಿಯನ್ನು ತೆರೆದಿಡುತ್ತವೆ. ಈ ರಾಗಿಯನ್ನು ಹದಿನಾರನೆಯ ಶತಮಾನದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ನರೆದಲೆಗನೆಂಬ ಪಾತ್ರವಾಗಿಸಿ, ಕುಲೀನರ ಧಾನ್ಯವಾದ ವ್ರೀಹಿಯೊಡನೆ ವಾದಕ್ಕೆ ನಿಲ್ಲಿಸಿದರು. ರಾಮನ ಅಪ್ಪಣೆಯಂತೆ ಎರಡೂ ಧಾನ್ಯಗಳು ಆರು ತಿಂಗಳು ಸೆರೆಯಲ್ಲಿದ್ದಾಗ ಭತ್ತ ಸೊರಗಿತು, ರಾಗಿ ಉಳಿಯಿತು. ಆ ಕಾವ್ಯದ ಗುರಿ ಪೌಷ್ಟಿಕತೆಯಲ್ಲ, ಮೇಲುಕೀಳಿನ ಭಾವನೆಯೇ. ಆದರೆ ದುಡಿಯುವವರ ಅನ್ನವನ್ನು ಹೀನವೆಂದು ಕಾಣುವ ದೃಷ್ಟಿ ದೇವರ ಸಮ್ಮುಖದಲ್ಲಿ ನಿಲ್ಲದು ಎಂದು ಅದು ತೋರಿಸಿಕೊಟ್ಟ ಮೇಲೆಯೂ, ಅಂತಸ್ತಿಗಾಗಿ ರಾಗಿಯನ್ನು ತೊರೆದು ಬಿಳಿಯ ಅನ್ನಕ್ಕೆ ತಿರುಗಿದ ಮನೆಗಳು ತಮ್ಮ ಮಕ್ಕಳ ಮೂಳೆಗೆ ಸಲ್ಲಬೇಕಾದುದನ್ನು ಬಿಟ್ಟುಕೊಟ್ಟಿವೆ.

ವೈರಾಗ್ಯದ ಹೆಸರಿನಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯವು ಇದಕ್ಕೂ ಹತ್ತಿರದಲ್ಲಿದೆ. ತ್ಯಾಗವು ಧರ್ಮವಾಗುವುದು ಅದನ್ನು ಮಾಡುವವರು ತಾವಾಗಿ ತಿಳಿದು ಮಾಡಿದಾಗ. ಇನ್ನೊಬ್ಬರ ಪಾಲಿಗೆ ಬಿಟ್ಟ ಹಸಿವಿಗೆ ತಪಸ್ಸೆಂದು ಹೆಸರಿಡುವುದು ಸಲ್ಲದು. ಅನೇಕ ಮನೆಗಳಲ್ಲಿ ಹಾಲು ಮೊದಲು ಗಂಡಸರಿಗೂ ಗಂಡುಮಕ್ಕಳಿಗೂ ಸಲ್ಲುತ್ತದೆ, ಎಲ್ಲರ ಊಟವಾದ ಮೇಲೆ ಉಳಿದದ್ದು ಹೆಂಗಸರಿಗೆ ಸಿಗುತ್ತದೆ, ವ್ರತಗಳ ಹೊರೆಯೂ ಅವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಆದರೆ ಶರೀರಧರ್ಮ ಹೇಳುವುದು ಇದಕ್ಕೆ ತದ್ವಿರುದ್ಧವಾದುದನ್ನು: ಗರ್ಭದಲ್ಲಿರುವ ಶಿಶುವಿನ ಮೂಳೆಗಾಗಿ ತಾಯಿಯ ರಕ್ತ ಕ್ಯಾಲ್ಸಿಯಂ ಕೊಡುತ್ತದೆ, ಹಾಲೂಡಿಸುವ ತಿಂಗಳುಗಳಲ್ಲಿ ಆಕೆಯ ಮೂಳೆಯ ಸಂಗ್ರಹ ತಾತ್ಕಾಲಿಕವಾಗಿ ಕರಗುತ್ತದೆ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಸಿದು ಸವೆತ ತೀವ್ರವಾಗುತ್ತದೆ. ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಕೊಂಡಾಡಿದ ನಾಡು ಇದು. ಜೈನರ ನಾಲ್ಕು ದಾನಗಳಾದ ಆಹಾರ, ಔಷಧ, ಶಾಸ್ತ್ರ, ಅಭಯಗಳಲ್ಲಿ ಆಹಾರದಾನವನ್ನು ಮುನಿಗಳಿಗೆ ನೀಡಲು ಶುದ್ಧಿಯಿಂದ ಕಾದು ನಿಲ್ಲುವ ಗೃಹಿಣಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳದ ಧರ್ಮಚಿಂತನೆ ಅಪೂರ್ಣವೇ ಸರಿ. ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2013ರಲ್ಲಿ ಆರಂಭಿಸಿದಾಗ, ಹೆಣ್ಣುಮಗುವಿಗೂ ಗಂಡುಮಗುವಿಗೂ ಒಂದೇ ಅಳತೆಯ ಲೋಟ ಸಿಕ್ಕಿದ್ದು ಈ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಸಂಹನನದ ಸಿದ್ಧಾಂತವನ್ನು ಅಪಾಯಕರವಾಗಿ ಓದುವ ಸಾಧ್ಯತೆಯೂ ಇದೆ. ಮೂಳೆ ದುರ್ಬಲವಾದವನು ಹಿಂದಿನ ಜನ್ಮದ ಪಾಪಿ ಎಂದು ಬೆರಳು ತೋರಿಸಿದರೆ ಕರ್ಮಸಿದ್ಧಾಂತವು ಕರುಣೆಯ ವಿರುದ್ಧದ ಆಯುಧವಾಗುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು ದಲಿತ ಕುಟುಂಬಗಳ ಕೀಲುಮೂಳೆಗಳನ್ನು ವಿರೂಪಗೊಳಿಸಿದ ರೋಗದಲ್ಲಿ ಆನುವಂಶಿಕ ಕಾರಣವನ್ನು ಸಂಶೋಧಕರು ಗುರುತಿಸಿದ್ದಾರೆ. ಕೋಲಾರ, ಪಾವಗಡಗಳಂಥ ಬಯಲುಸೀಮೆಯ ಕಡೆಗಳಲ್ಲಿ ಆಳದ ಕೊಳವೆಬಾವಿಗಳ ನೀರಿನ ಫ್ಲೋರೈಡ್ ಮೂಳೆಗೆ ಸೇರಿ ಅದನ್ನು ಬಿರುಸಾಗಿಸಿ ಬಾಗಿಸುತ್ತದೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದವರಲ್ಲಿ ಆ ಹಾನಿ ಇನ್ನಷ್ಟು ಹೆಚ್ಚುತ್ತದೆ. ಇಂಥಲ್ಲಿ ಶುದ್ಧ ನೀರನ್ನು ಒದಗಿಸುವುದೂ ಆಹಾರದಾನವೇ.

ಕೊನೆಯದಾಗಿ, ಆಹಾರವನ್ನು ಬಿಡುವುದೇ ಧರ್ಮವಾಗುವ ಗಡಿ ಎಲ್ಲಿದೆ? ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಉಪಸರ್ಗವೆಂಬ ಘೋರ ವಿಪತ್ತು, ದುರ್ಭಿಕ್ಷ, ಮುಪ್ಪು, ರೋಗ ಈ ನಾಲ್ಕು ಸಂದರ್ಭಗಳಲ್ಲಿ, ಅವು ಪರಿಹಾರವಿಲ್ಲದಂಥವಾದಾಗ ಮಾತ್ರ, ಧರ್ಮಕ್ಕಾಗಿ ದೇಹವನ್ನು ಬಿಡುವ ಸಲ್ಲೇಖನಕ್ಕೆ ಅವಕಾಶ ಕೊಡುತ್ತದೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಈ ಆಚರಣೆಯನ್ನು ಅಪರಾಧವೆಂದು ತೀರ್ಪಿತ್ತು, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆ ಸಂದರ್ಭದ ವಾದವಿವಾದದಲ್ಲಿ ಸ್ವಾತಂತ್ರ್ಯ, ಆತ್ಮಹತ್ಯೆ ಎಂಬ ಮಾತುಗಳು ಬಹಳ ಕೇಳಿಬಂದವು, ಪರಿಹಾರವಿಲ್ಲದಿರುವಿಕೆ ಎಂಬ ಷರತ್ತು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಸಮಂತಭದ್ರರ ಕಾಲದಲ್ಲಿ ಸೊಂಟದ ಮೂಳೆ ಮುರಿದ ವೃದ್ಧೆಗೆ ಪರಿಹಾರವಿರಲಿಲ್ಲ, ಆಕೆ ಮತ್ತೆ ಎದ್ದು ನಿಲ್ಲುವಂತಿರಲಿಲ್ಲ. ಇಂದು ಶಸ್ತ್ರಚಿಕಿತ್ಸೆಯಿಂದ ಆ ಮೂಳೆಯನ್ನು ಸರಿಪಡಿಸಿ ಅನೇಕರನ್ನು ವಾರದೊಳಗೇ ನಡೆಸಲು ಸಾಧ್ಯವಾಗಿದೆ, ಮೂಳೆ ತೆಳುವಾಗುವುದನ್ನು ಅಳೆಯಬಹುದಾಗಿದೆ, ಸವೆತವನ್ನು ನಿಧಾನಗೊಳಿಸುವ ಔಷಧಗಳಿವೆ. ಮಾತು ಅದೇ ಆಗಿದ್ದರೂ ಅದು ಸೂಚಿಸುವ ಗಡಿ ಹೀಗೆ ಮುಂದಕ್ಕೆ ಸರಿದಿದೆ, ಮತ್ತು ಅದನ್ನು ಹಿಂದಿನ ಸ್ಥಳದಲ್ಲಿಯೇ ಹಿಡಿದಿಡುವುದು ಶಾಸ್ತ್ರಕ್ಕೆ ನಿಷ್ಠೆಯಲ್ಲ. ಮುಪ್ಪಿನಲ್ಲಿ ಬಿದ್ದ ತಾಯಿ ತನಗೆ ಇನ್ನು ಆಹಾರ ಸಾಕೆಂದಾಗ, ಆ ಮಾತು ವ್ರತದಿಂದ ಬಂದದ್ದೋ ನೋವಿನಿಂದ ಬಂದದ್ದೋ ಮನೆಯವರಿಗೆ ಹೊರೆಯಾಗುವ ಅಂಜಿಕೆಯಿಂದ ಬಂದದ್ದೋ ಎಂಬುದನ್ನು ಅರಿಯದೆ ಯಾವ ಆಚಾರ್ಯನೂ ಅನುಮತಿ ಕೊಡಲಾರನು. ನೋವಿಗೆ ಔಷಧವನ್ನೂ ಅಂಜಿಕೆಗೆ ಅಭಯವನ್ನೂ ಕೊಟ್ಟು ನೋಡಿದ ಮೇಲೆಯೇ ಅವನ ಕೆಲಸ ಆರಂಭವಾಗುತ್ತದೆ.